ಸಾಲದ ಬೇನೆಗೆ ಸೂಜಿಯ ಮದ್ದೇ?

ಹಣವಿಲ್ಲವೆಂದು ಹೇಳಬೇಕಾದಾಗ ಕನ್ನಡಿಗನು ‘ಹಣವಿಲ್ಲ’ವೆಂದು ಬಾಯಿಬಿಟ್ಟು ಹೇಳುವದು ಅಪರೂಪ. ‘ಕೈ ಬಿಗಿಯಾಗಿದೆ’ ಎನ್ನುತ್ತಾನೆ. ಸಾಲವು ಮಿತಿಮೀರಿದರೆ ಅದು ‘ಕುತ್ತಿಗೆಗೆ ಬಂತು’. ಸಾಲ ಕೊಟ್ಟವನು ‘ಬೆನ್ನು ಹತ್ತಿದನು’. ಬೆಳೆ ಕೆಟ್ಟರೆ ‘ನಡ ಮುರಿಯಿತು’. ಕೂಲಿ ತಪ್ಪಿಸಿದವನು ‘ಹೊಟ್ಟೆಯ ಮೇಲೆ ಹೊಡೆದನು’. ಕೊನೆಯ ಕಂತು ಮುಟ್ಟಿದ ದಿನ ‘ಎದೆ ಹಗುರಾಯಿತು’. ಕೈ, ಕುತ್ತಿಗೆ, ಬೆನ್ನು, ನಡ, ಹೊಟ್ಟೆ, ಎದೆ,— ಈ ಭಾಷೆಯು ದುಡ್ಡಿನ ಲೆಕ್ಕದಿಂದ ಒಂದು ಅಂಗವನ್ನೂ ಬಿಟ್ಟಿಲ್ಲ. ಸರ್ವಜ್ಞನು ತನ್ನ ಪ್ರಸಿದ್ಧವಾದ ತ್ರಿಪದಿಯೊಂದರಲ್ಲಿ, ಸಾಲ ಕೊಟ್ಟವನು ಬಂದು ಎಳೆಯುವ ಹೊತ್ತಿನ ದುಃಖವನ್ನು ಮನಸ್ಸಿನ ಯಾವ ವ್ಯಥೆಗೂ ಹೋಲಿಸದೆ, ದೇಹದ ಕೀಲು ಮುರಿಯುವ ನೋವಿಗೆ ಹೋಲಿಸಿದ್ದಾನೆ. ಇವೆಲ್ಲ ಬರಿಯ ಅಲಂಕಾರದ ಮಾತುಗಳೆಂದು ಪಂಡಿತರು ಭಾವಿಸಬಹುದು. ಆದರೆ ಇವು ಅಲಂಕಾರಗಳಲ್ಲ. ತಲೆತಲಾಂತರದ ಅನುಭವವು ಜನರ ನಾಲಗೆಯ ಮೇಲೆ ಬರೆದಿಟ್ಟ ರೋಗಲಕ್ಷಣಗಳು. ಭಾಷೆಗೆ ತಿಳಿದಿದ್ದ ಈ ಸಂಗತಿಯನ್ನು ಸಮಾಜವು ಮರೆತಿದೆಯೆಂಬದೇ ಇಂದಿನ ಆಕ್ಷೇಪ.

ಘಟಪ್ರಭೆಯ ದಂಡೆಯ ಗೋಕಾಕ, ಅದರಿಂದ ಬೇರ್ಪಟ್ಟು ಈಗ ಪ್ರತ್ಯೇಕ ತಾಲೂಕಾಗಿರುವ ಮೂಡಲಗಿ, ಹಿಡಕಲ್ಲ ಜಲಾಶಯವನ್ನು ಮಡಿಲಲ್ಲಿಟ್ಟುಕೊಂಡ ಹುಕ್ಕೇರಿ,— ಈ ಮೂರು ತಾಲೂಕುಗಳ ಯಾವುದೇ ದವಾಖಾನೆಯ ಬಾಗಿಲಲ್ಲಿ ಅರ್ಧ ದಿನ ಕುಳಿತವರಿಗೆ ಈ ಲಕ್ಷಣಗಳು ಕಾಣದೆ ಇರಲಾರವು. ನಡುವಯಸ್ಸಿನ ರೈತನೊಬ್ಬನು ಬರುತ್ತಾನೆ. ಕುತ್ತಿಗೆ ಹಿಡಿದಿದೆ, ಭುಜ ಎತ್ತಲು ಬರುವದಿಲ್ಲ, ಉಂಡ ಅನ್ನ ಕರಗುವದಿಲ್ಲ, ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವದಿಲ್ಲ ಎಂದು ಹೇಳಿಕೊಳ್ಳುತ್ತಾನೆ. ವೈದ್ಯನು ನಾಡಿ ನೋಡಿ ‘ಗ್ಯಾಸು’ ಎನ್ನುತ್ತಾನೆ. ಒಂದು ಸೂಜಿ, ನಾಲ್ಕು ಗುಳಿಗೆ. ನಿಶ್ಶಕ್ತಿ ಬಹಳವೆಂದರೆ ಒಂದು ಸಲಾಯಿನ್ನಿನ ಬಾಟಲಿ. ಮೂರು ದಿನ ನೋವು ತಗ್ಗುತ್ತದೆ, ನಾಲ್ಕನೆಯ ದಿನ ಮರಳುತ್ತದೆ. ಹೊಲದಲ್ಲಿ ಏನು ಎತ್ತಿದೆ, ಯಾವ ಭಾರ ಹೊತ್ತೆ ಎಂದು ಕೇಳುವವರುಂಟು. ‘ಕಬ್ಬಿನ ಬಿಲ್ಲು ಬಂತೇನಪ್ಪಾ? ಸೊಸಾಯಿಟಿಯ ಕಂತು ಯಾವಾಗ?’ ಎಂದು ಕೇಳುವವರಿಲ್ಲ. ಸೂಜಿಗೆ ಕೊಟ್ಟ ಹಣವೂ ಕೈಗಡವಾಗಿ ತಂದದ್ದೆಂಬದು ದವಾಖಾನೆಯ ಚೀಟಿಯಲ್ಲಿ ಎಲ್ಲಿಯೂ ಬರೆದಿರುವದಿಲ್ಲ. ಹೀಗೆ ಬೇನೆಗೆ ಕಾರಣವಾದ ಸಾಲವು ಬೇನೆಯ ಮದ್ದಿನಿಂದಲೇ ಇನ್ನಷ್ಟು ಬೆಳೆಯುತ್ತದೆ.

ದುಡ್ಡಿನ ಚಿಂತೆಯು ಮೈಯಲ್ಲಿ ಹೇಗೆ ಇಳಿಯುತ್ತದೆಂಬದು ಈಗ ಗುಟ್ಟಾಗಿ ಉಳಿದಿಲ್ಲ. ಅಮೆರಿಕೆಯ ಹಾರ್ವರ್ಡ ವಿದ್ಯಾಪೀಠದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು, ಬೆಕ್ಕು ಹೆದರಿದೊಡನೆ ಅದರ ಜಠರದ ಚಲನೆಯು ನಿಂತುಹೋಗುವದನ್ನು ಕ್ಷ-ಕಿರಣಗಳ ಸಹಾಯದಿಂದ ಕಣ್ಣಾರೆ ಕಂಡನು. ನೋವು, ಹಸಿವೆ, ಭಯ, ಸಿಟ್ಟುಗಳಿಂದ ದೇಹದಲ್ಲಾಗುವ ಮಾರ್ಪಾಡುಗಳನ್ನು ಕುರಿತ ಅವನ ಗ್ರಂಥವು ೧೯೧೫ರಲ್ಲಿ ಹೊರಬಂದಿತು. ಅಪಾಯ ಕಂಡ ಪ್ರಾಣಿಯ ಮೈಯಲ್ಲಿ ಅಡ್ರಿನಲಿನ್ ಎಂಬ ರಸವು ಹರಿಯುತ್ತದೆ; ಎದೆಯ ಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಪಚನಕ್ರಿಯೆ ಮಂದವಾಗುತ್ತದೆ; ಹೊಡೆದಾಡಲು ಇಲ್ಲವೆ ಓಡಿಹೋಗಲು ದೇಹವು ಸಿದ್ಧವಾಗುತ್ತದೆ. ೧೯೩೬ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬವನು ಇನ್ನೊಂದು ಮಾತನ್ನು ತೋರಿಸಿಕೊಟ್ಟನು: ಪೀಡೆಯು ಬಹುಕಾಲ ತಪ್ಪದೆ ಇದ್ದರೆ, ಪೀಡೆ ಯಾವುದೇ ಇರಲಿ, ದೇಹವು ಮೊದಲು ಸೆಟೆದು ನಿಂತು, ಕಡೆಗೆ ಬಸವಳಿದು ಬೀಳುತ್ತದೆ.

ಹುಲಿಯಿಂದ ತಪ್ಪಿಸಿಕೊಂಡ ದನವು ಗಳಿಗೆಯಲ್ಲಿ ಮತ್ತೆ ಮೇಯತೊಡಗುತ್ತದೆ. ಸಾಲದಿಂದ ತಪ್ಪಿಸಿಕೊಳ್ಳುವದೆಲ್ಲಿ? ಕಂತಿನ ದಿನವು ಹುಲಿಯಂತೆ ಒಮ್ಮೆ ಬಂದು ಹೋಗುವಂಥದಲ್ಲ. ಅದು ವಾರವಾರವೂ ಬರುತ್ತದೆ. ಓಡಲು ದಾರಿಯಿಲ್ಲ, ಹೊಡೆದಾಡಲು ಎದುರಾಳಿ ಕಣ್ಣಿಗೆ ಬೀಳುವದಿಲ್ಲ. ಆದುದರಿಂದ ಓಡಬೇಕೆಂದು ಬಿಗಿದ ಕಾಲು ಬಿಗಿದೇ ಉಳಿಯುತ್ತದೆ. ಹೊಡೆಯಬೇಕೆಂದು ಎತ್ತಿದ ಭುಜ ಇಳಿಯುವದೇ ಇಲ್ಲ. ಆಡಬೇಕಾದ ಮಾತನ್ನು ಕಚ್ಚಿಹಿಡಿದ ದವಡೆಯು ನಿದ್ದೆಯಲ್ಲಿಯೂ ಹಲ್ಲು ಕಡಿಯುತ್ತದೆ. ಇದು ಮನಸ್ಸಿನ ದೌರ್ಬಲ್ಯವಲ್ಲ, ಹೇಡಿತನವೂ ಅಲ್ಲ. ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿರುವ ಆರೋಗ್ಯವಂತ ದೇಹದ ಲಕ್ಷಣವಿದು.

ಹೀಗಿದ್ದರೂ ಸಾಲದ ಬೇನೆಯವನಿಗೆ ಬುದ್ಧಿ ಹೇಳುವ ಮಹನೀಯರಿಗೆ ಕೊರತೆಯಿಲ್ಲ. ಅವರಲ್ಲಿ ಒಂದು ಪಂಗಡದವರು ಹಳಬರು. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು, ಮದುವೆಯಲ್ಲಿ ಮೆರೆದಾಯಿತು, ಜಾತ್ರೆಯಲ್ಲಿ ಉಣಿಸಿದ್ದಾಯಿತು, ಈಗ ಅನುಭವಿಸಲಿ’ ಎಂಬದು ಅವರ ತೀರ್ಪು. ಇನ್ನೊಂದು ಪಂಗಡದವರು ಹೊಸಬರು. ‘ಹಣವೆಂಬದು ಭಾವನೆ, ಬಿಗಿತವು ನಿನ್ನೊಳಗಿದೆ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡು, ಭುಜವನ್ನು ಸಡಿಲುಬಿಡು, ಎಲ್ಲವೂ ಸರಿಹೋಗುತ್ತದೆ’ ಎಂದು ಅವರು ಪೇಟೆಯ ಸಭಾಗೃಹಗಳಲ್ಲಿ ಉಪದೇಶಿಸುತ್ತಾರೆ. ನೋಡಲು ಈ ಇಬ್ಬರೂ ವಿರುದ್ಧ ಪಕ್ಷದವರು. ಆದರೆ ತಪ್ಪನ್ನು ಬೇನೆಯವನ ಒಳಗೇ ಹುಡುಕುವದರಲ್ಲಿ ಇಬ್ಬರಿಗೂ ಏಕಮತವಿದೆ. ಒಬ್ಬನು ನಡತೆಯಲ್ಲಿ ಹುಡುಕುತ್ತಾನೆ, ಇನ್ನೊಬ್ಬನು ಶ್ವಾಸದಲ್ಲಿ ಹುಡುಕುತ್ತಾನೆ. ಖಾತೆಯ ಪುಸ್ತಕವನ್ನು ಮಾತ್ರ ಇಬ್ಬರೂ ತೆರೆಯುವದಿಲ್ಲ.

ಹೊಸಬರ ಮಾತು ಪೂರ್ತಿ ಸುಳ್ಳೆಂದು ಹೇಳಿದರೆ ಅನ್ಯಾಯವಾದೀತು. ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ಕ್ರಮವನ್ನು ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯನು ೧೯೨೯ರಷ್ಟು ಹಿಂದೆಯೇ ಗ್ರಂಥರೂಪವಾಗಿ ಪ್ರಕಟಿಸಿದ್ದನು, ಅದರಿಂದ ಉಪಶಮನವಾಗುವದುಂಟು. ನಿಧಾನವಾದ ಉಸಿರಾಟದಿಂದ ಎದೆಬಡಿತ ತಗ್ಗುವದೂ ದಿಟ. ಈ ನಾಡಿನ ಪ್ರಾಣಾಯಾಮಕ್ಕೆ ಅದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಕಾಲಿಗೆ ಮುಳ್ಳು ನೆಟ್ಟವನಿಗೆ ಮುಳ್ಳನ್ನು ಕೀಳದೆ ಕಾಲಿಗೆ ಎಣ್ಣೆ ತಿಕ್ಕುವವನನ್ನು ವೈದ್ಯನೆಂದು ಯಾರು ಕರೆದಾರು? ಮುಂಜಾನೆ ಸಡಿಲಿಸಿದ ಭುಜವು ಕಂತಿನವನ ಮೋಟಾರು ಸೈಕಲ್ಲಿನ ಸಪ್ಪಳ ಕೇಳಿದೊಡನೆ ಮತ್ತೆ ಏರುತ್ತದೆ. ಏರದೆ ಹೋದರೆ ಅದೇ ಆಶ್ಚರ್ಯ.

ಇನ್ನು ಹಳಬರ ಮಾತು. ಮದುವೆ-ಮುಂಜಿವೆಗಳ ದುಂದುವೆಚ್ಚ, ವರದಕ್ಷಿಣೆ, ಹತ್ತು ಊರಿಗೆ ಊಟ ಹಾಕುವ ಹುಚ್ಚು,— ಇವುಗಳಿಂದ ಹಾಳಾದ ಮನೆಗಳು ಇಲ್ಲವೆಂದು ಯಾರೂ ಹೇಳರು. ಆದರೆ ಈ ಸೀಮೆಯ ಸಾಲವೆಲ್ಲ ಚಪ್ಪರದ ಕೆಳಗೇ ಹುಟ್ಟಿತೆನ್ನುವವರು ಕಬ್ಬಿನ ಪಂಚಾಂಗವನ್ನು ಒಮ್ಮೆ ನೋಡಬೇಕು. ಕಬ್ಬು ನಾಟಿಯಾಗಿ ಕಟಾವಿಗೆ ಬರಲು ವರ್ಷವೇ ಬೇಕು. ಕೆಲವು ತಳಿ, ಕೆಲವು ನಾಟಿಗಳಿಗೆ ಅದಕ್ಕೂ ಹೆಚ್ಚು. ಬೀಜ, ಗೊಬ್ಬರ, ಔಷಧ, ಕಳೆ ತೆಗೆಯುವ ಆಳು, ಕೆಟ್ಟುಹೋದ ಮೋಟಾರಿನ ರಿಪೇರಿ,— ಎಲ್ಲವೂ ಮುಂಗಡದ ವೆಚ್ಚ. ಬೆಳೆ ನಿಂತ ಮೇಲೆ ಕಾರಖಾನೆಯ ಸರದಿ ಕಾಯಬೇಕು. ಸರದಿ ತಡವಾದಷ್ಟೂ ನಿಂತ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಕಡಿಯುವ ಗ್ಯಾಂಗಿನವರನ್ನು ಕಾಯಬೇಕು. ಟ್ರ್ಯಾಕ್ಟರುಗಳ ಸಾಲಿನಲ್ಲಿ ಕಾಯಬೇಕು. ತೂಕವಾದ ಮೇಲೆ ಬಿಲ್ಲಿಗಾಗಿ ಕಾಯಬೇಕು. ಇಷ್ಟು ಕಾಲವೂ ಸಾಲದ ಬಡ್ಡಿಯು ಮಾತ್ರ ಯಾರನ್ನೂ ಕಾಯುವದಿಲ್ಲ. ಈ ಕಾಯುವಿಕೆಯೇ ಕುತ್ತಿಗೆಯ ಬಿಗಿತ. ಇದರಲ್ಲಿ ರೈತನ ದುಂದುವೆಚ್ಚವೆಲ್ಲಿ ಬಂತು?

ಈ ಕಾಯುವಿಕೆಗೆ ಮಿತಿಯನ್ನು ಕಾನೂನೇ ಹಾಕಿದೆ. ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ, ಕಬ್ಬು ಮುಟ್ಟಿದ ೧೪ ದಿನಗಳೊಳಗೆ ಕಾರಖಾನೆಯು ಹಣ ಸಲ್ಲಿಸತಕ್ಕದ್ದು; ತಪ್ಪಿದರೆ ವರ್ಷಕ್ಕೆ ಶೇಕಡಾ ೧೫ರಂತೆ ಬಡ್ಡಿ ಕೊಡತಕ್ಕದ್ದು. ಸೊಸಾಯಿಟಿಯ ಕಂತು ಒಂದು ತಿಂಗಳು ತಪ್ಪಿದರೆ ಬಾಕಿದಾರನೆಂಬ ಹೆಸರು ಹೊತ್ತು ಓಣಿಯಲ್ಲಿ ತಲೆತಗ್ಗಿಸಿ ನಡೆಯುವ ರೈತನಿಗೆ, ತಾನೂ ಒಬ್ಬ ಸಾಲ ಕೊಟ್ಟವನು, ತನಗೂ ಬಡ್ಡಿ ಕೇಳುವ ಹಕ್ಕಿದೆ ಎಂಬದು ತಿಳಿದಿದೆಯೇ? ತಿಳಿದಿದ್ದರೂ, ಮುಂದಿನ ವರ್ಷ ಅದೇ ಕಾರಖಾನೆಯ ಬಾಗಿಲಿಗೆ ಕಬ್ಬು ಒಯ್ಯಬೇಕಾದವನಿಗೆ ಅದನ್ನು ಕೇಳುವ ಧೈರ್ಯವೆಲ್ಲಿಂದ ಬರಬೇಕು? ಕೊಡಬೇಕಾದಲ್ಲಿ ನಾಚಿಕೆ, ಬರಬೇಕಾದಲ್ಲಿ ಭಯ: ಈ ಎರಡರ ನಡುವೆ ಸಿಕ್ಕ ಮೈಯು ಬಿಗಿಯದೆ ಮತ್ತೇನು ಮಾಡೀತು?

ಸಾಲಗಾರನಿಗೆ ಬುದ್ಧಿ ಕಡಿಮೆ, ಆದುದರಿಂದಲೇ ಸಾಲ ಮಾಡುತ್ತಾನೆ ಎಂದು ಹೇಳುವವರಿಗೂ ಕಬ್ಬಿನ ರೈತರಿಂದಲೇ ಉತ್ತರ ದೊರೆತಿದೆ. ತಮಿಳುನಾಡಿನ ೪೬೪ ಮಂದಿ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕೈ ಬರಿದಾಗಿರುವಾಗ ಒಮ್ಮೆ, ಕಟಾವಿನ ತರುವಾಯ, ಕೈಯಲ್ಲಿ ಹಣವಿರುವಾಗ ಒಮ್ಮೆ ಪರೀಕ್ಷಿಸಿದ ವಿದ್ವಾಂಸರ ಲೇಖನವು ೨೦೧೩ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಾರ್ಕಿಕ ಬುದ್ಧಿಯ ಅವೇ ಬಗೆಯ ಪರೀಕ್ಷೆಗಳಲ್ಲಿ ಅದೇ ರೈತನು ಕಟಾವಿಗೆ ಮುಂಚೆ ಹಿಂದೆಬಿದ್ದನು, ಕಟಾವಿನ ತರುವಾಯ ಮುಂದೆ ಬಂದನು. ಮನುಷ್ಯನು ಬದಲಾಗಿರಲಿಲ್ಲ, ಶಿಕ್ಷಣ ಬದಲಾಗಿರಲಿಲ್ಲ. ಬದಲಾದದ್ದು ಕೈಯಲ್ಲಿಯ ಹಣವೊಂದೇ. ಅಂದಮೇಲೆ ಬುದ್ಧಿ ಕಡಿಮೆಯಾದುದರಿಂದ ಬಡತನವೆಂದು ಹೇಳುವದಕ್ಕಿಂತ, ಬಡತನದ ಚಿಂತೆಯೇ ಬುದ್ಧಿಯನ್ನು ಕಬಳಿಸುತ್ತದೆಯೆಂದು ಹೇಳುವದು ಸತ್ಯಕ್ಕೆ ಹತ್ತಿರ.

ಮೈಯಲ್ಲಿ ಕೂಡಿಟ್ಟ ಬಿಗಿತವು ಎಂದೆಂದಿಗೂ ಮೈಯೊಳಗೇ ಕುಳಿತಿರುವದಿಲ್ಲವೆಂಬದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ೨೦೨೫ರ ಅಕ್ಟೋಬರ ತಿಂಗಳ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲಿರುಳು ರಸ್ತೆಯ ಮೇಲೆ ಕುಳಿತರು. ಆ ಹಂಗಾಮಿಗೆ ಕೇಂದ್ರ ಸರಕಾರವು ಶೇಕಡಾ ೧೦.೨೫ ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ ೩೫೫ ರೂಪಾಯಿ ದರವನ್ನು ಗೊತ್ತುಮಾಡಿತ್ತು. ಕಡಿಯುವ ಹಾಗೂ ಸಾಗಿಸುವ ವೆಚ್ಚವನ್ನು ಅದರಲ್ಲಿ ಮುರಿದುಕೊಂಡ ಮೇಲೆ ಕೈಗೆ ಬರುವದೆಷ್ಟೆಂಬದೇ ಜಗಳದ ಮೂಲ. ಟನ್ನಿಗೆ ೩,೫೦೦ ರೂಪಾಯಿ ಬೇಕೆಂಬದು ಅವರ ಬೇಡಿಕೆ. ನವೆಂಬರ ೭ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ನಡೆಸಿದ ಸಭೆಯಲ್ಲಿ ೩,೩೦೦ ರೂಪಾಯಿ ಎಂದು ನಿರ್ಣಯವಾಯಿತು. ಅದೇ ದಿನ ಹುಕ್ಕೇರಿ ತಾಲೂಕಿನ ಹತ್ತರಗಿಯ ಬಳಿ ಹೆದ್ದಾರಿಯ ಮೇಲೆ ಕಲ್ಲುಗಳು ತೂರಿಬಂದವು. ಕಲ್ಲು ತೂರುವದು ತಪ್ಪು. ಅದನ್ನು ಸಮರ್ಥಿಸುವ ಕಾರಣವಿಲ್ಲ. ಪೋಲೀಸಿನವನ ತಲೆಯೂ ಒಬ್ಬ ತಾಯಿಯ ಮಗನ ತಲೆಯೇ. ಆದರೆ ಕಲ್ಲು ಎತ್ತಿದ ಕೈಯನ್ನು ಎಣಿಸಿದವರು, ಅದೇ ರಸ್ತೆಯ ಮೇಲೆ ದಿನಗಟ್ಟಲೆ ಕಲ್ಲೆತ್ತದೆ ಕುಳಿತಿದ್ದ ಸಾವಿರಾರು ಕೈಗಳನ್ನು ಎಣಿಸಿದರೇ? ಟನ್ನಿಗೆ ಇನ್ನೂರು ರೂಪಾಯಿಯ ಅಂತರವು ಪೇಟೆಯವನಿಗೆ ಒಂದು ಹೊತ್ತಿನ ಉಪಾಹಾರ. ನೂರು ಟನ್ನು ಬೆಳೆದ ಮನೆಗೆ ಅದು ಇಪ್ಪತ್ತು ಸಾವಿರ. ಒಂದು ವರ್ಷದ ನಿದ್ದೆ.

ಗಂಡಸರ ಬಿಗಿತವು ರಸ್ತೆಗಾದರೂ ಬರುತ್ತದೆ. ಹೆಂಗಸರ ಬಿಗಿತಕ್ಕೆ ಆ ದಾರಿಯೂ ಇಲ್ಲ. ‘ಸಂಘದ ಸಾಲ’ವೆಂದು ಹಳ್ಳಿಗಳಲ್ಲಿ ಕರೆಯುವ ಕಿರುಸಾಲವು ಅವರ ಹೆಸರಿನಲ್ಲಿಯೇ ಬರುತ್ತದೆ. ಹಣವು ಒಮ್ಮೊಮ್ಮೆ ಗಂಡನ ಕೈಗೆ, ಒಮ್ಮೊಮ್ಮೆ ಮಗನ ಗಾಡಿಗೆ, ಒಮ್ಮೊಮ್ಮೆ ಇನ್ನೊಂದು ಸಂಘದ ಕಂತಿಗೆ ಹೋಗುತ್ತದೆ. ಸಹಿ ಮಾತ್ರ ಆಕೆಯದು. ಗುಂಪಿನಲ್ಲಿ ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ತಪ್ಪಿದರೆ ಉಳಿದವರೆಲ್ಲ ಆಕೆಯ ಬಾಗಿಲಿಗೆ ಬರುತ್ತಾರೆ. ನಿನ್ನೆ ರೊಟ್ಟಿಗೆ ಹಿಟ್ಟು ಕಡ ಕೊಟ್ಟ ಅಕ್ಕನೇ ಇಂದು ವಸೂಲಿಯವಳಾಗುತ್ತಾಳೆ. ಕಂತಿನ ದಿನ ತಲೆ ಸಿಡಿಯುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಕೈ ನಡುಗಿ ರೊಟ್ಟಿ ಹರಿಯುತ್ತದೆಯೆಂದರೆ, ಮನೆಯ ಹಿರಿಯರು ‘ಯಾರದೋ ದೃಷ್ಟಿ’ಯೆಂದು ಉಪ್ಪು-ಮೆಣಸಿನಕಾಯಿ ನೀವಾಳಿಸುತ್ತಾರೆ. ತಾಗಿದ್ದು ಯಾರ ದೃಷ್ಟಿಯೆಂಬದು ಆಕೆಗೆ ಗೊತ್ತು, ಹೇಳುವದು ಹೇಗೆ?

೨೦೨೫ರ ಆರಂಭದಲ್ಲಿ ಕಿರುಸಾಲದ ವಸೂಲಿಯ ಕಿರುಕುಳದಿಂದ ಊರು ಬಿಟ್ಟವರ, ಪ್ರಾಣವನ್ನೇ ಬಿಟ್ಟವರ ಸುದ್ದಿಗಳು ಕರ್ನಾಟಕದ ಅನೇಕ ಜಿಲ್ಲೆಗಳಿಂದ ಬಂದವು; ಬೆಳಗಾವಿ ಜಿಲ್ಲೆಯೂ ಅದಕ್ಕೆ ಹೊರತಾಗಿರಲಿಲ್ಲ. ಆ ವರ್ಷದ ಫೆಬ್ರುವರಿ ೧೨ರಂದು ರಾಜ್ಯ ಸರಕಾರವು ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಹತ್ತು ವರ್ಷಗಳವರೆಗೆ ಸೆರೆಮನೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಅದರಲ್ಲಿ ವಿಧಿಸಲಾಯಿತು. ತರುವಾಯ ಅದು ಕಾಯಿದೆಯಾಯಿತು. ಒಳ್ಳೆಯದೇ. ಆದರೆ ಬಾಗಿಲು ಬಡಿಯುವ ಕೈಯನ್ನು ಕಾಯಿದೆ ತಡೆದೀತು. ಬಾಗಿಲು ಬಡಿದಾರೆಂದು ಇರುಳೆಲ್ಲ ಕಿವಿಗೊಟ್ಟು ಮಲಗಿದವಳ ಎದೆಬಡಿತವನ್ನು ಅದೊಂದೇ ಇಳಿಸಲಾರದು.

ಇದನ್ನು ಇಳಿಸಲು ಹಿಂದಿನವರು ಒಂದು ಉಪಾಯ ಕಂಡಿದ್ದರು. ೧೮೭೫ರಲ್ಲಿ ಮುಂಬಯಿ ಇಲಾಖೆಯ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲದ ಕಾಗದಗಳನ್ನು ಸುಟ್ಟರು. ೧೮೭೯ರಲ್ಲಿ ದಖ್ಖನದ ರೈತರ ಪರಿಹಾರದ ಕಾಯಿದೆ ಬಂದಿತು. ಆದರೆ ಕಾಯಿದೆಯೊಂದರಿಂದಲೇ ಸಾಲದ ಹಿಡಿತ ಸಡಿಲಲಿಲ್ಲ. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾದಾಗ, ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದರು. ಹಿಂದುಸ್ಥಾನದಲ್ಲಿ ಆ ಕಾಯಿದೆಯ ಮೇರೆಗೆ ಹುಟ್ಟಿದ ಮೊದಲ ಸಂಘವೆಂಬ ಕೀರ್ತಿ ಅದಕ್ಕಿದೆ. ಸಂಘದ ಸತ್ತ್ವವು ಕಡಿಮೆ ಬಡ್ಡಿಯಲ್ಲಿ ಮಾತ್ರ ಇರಲಿಲ್ಲ. ಸಾಲ ಕೇಳುವವನೂ ಕೊಡುವವರೂ ಒಂದೇ ಜಮಖಾನೆಯ ಮೇಲೆ ಕುಳಿತು ಕಷ್ಟವನ್ನು ಬಾಯಿಬಿಟ್ಟು ಆಡುವದರಲ್ಲಿತ್ತು. ಕತ್ತಲಲ್ಲಿ ಸಾವಕಾರನ ಹಿತ್ತಲ ಬಾಗಿಲಿಗೆ ಹೋಗುವ ನಾಚಿಕೆಯನ್ನು ಅದು ತಪ್ಪಿಸಿತು. ಇಂದು ಈ ಮೂರು ತಾಲೂಕುಗಳಲ್ಲಿ ಸಹಕಾರಿ ಸಂಘಗಳಿಗೆ ಕೊರತೆಯಿಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರಖಾನೆಯೂ ಸಹಕಾರದ ಹೆಸರಿನದೇ, ಹುಕ್ಕೇರಿಯಲ್ಲಿ ವಿದ್ಯುಚ್ಛಕ್ತಿಯನ್ನು ಹಂಚುವದೂ ಸಹಕಾರಿ ಸಂಘವೇ. ಆದರೆ ಈ ಸಂಸ್ಥೆಗಳ ಚುನಾವಣೆಗೆ ಸಾಲುವ ಗದ್ದಲದಲ್ಲಿ ಒಂದು ಅಂಶವಾದರೂ ಸದಸ್ಯನ ಕಷ್ಟ ಕೇಳುವದಕ್ಕೆ ಮೀಸಲಾಗಿದೆಯೇ? ಜಮಖಾನೆಯ ಜಾಗದಲ್ಲಿ ಗಾಜಿನ ಕಿಂಡಿ ಬಂದಿದೆ. ಕಿಂಡಿಯ ಆಚೆಯವನಿಗೆ ಖಾತೆಯ ಅಂಕೆ ಕಾಣುತ್ತದೆ, ಈಚೆಯವನ ಮುಖ ಕಾಣುವದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ೧೪ ದಿನಗಳ ನಿಯಮವು ಕಾಗದದಿಂದಿಳಿದು ಕಾರಖಾನೆಯ ಬಾಗಿಲಿಗೆ ಬರಬೇಕು. ಯಾವ ದಿನದ ಕಬ್ಬಿನ ಹಣ ಯಾವ ದಿನ ಸಂದಿತು, ಬಾಕಿಯೆಷ್ಟು, ಬಡ್ಡಿಯೆಷ್ಟು ಎಂಬದನ್ನು ಕಾರಖಾನೆಯು ಕನ್ನಡದಲ್ಲಿ ಹಲಗೆಯ ಮೇಲೆ ಬರೆದು ಹೊರಗೆ ನಿಲ್ಲಿಸಲಿ. ರೈತನ ಬಾಕಿಯನ್ನು ಪಂಚಾಯತಿಯ ಗೋಡೆಗೆ ಹಚ್ಚಲು ಬರುತ್ತದೆಂದರೆ ಕಾರಖಾನೆಯ ಬಾಕಿಯನ್ನು ಹಚ್ಚಲು ಅಡ್ಡಿಯೇನು? ಎರಡನೆಯದು, ದವಾಖಾನೆಯ ಪ್ರಶ್ನೆ. ಎದೆನೋವಿನವನನ್ನು ಮೊದಲು ಹೃದಯದ ಪರೀಕ್ಷೆಗೇ ಒಳಪಡಿಸಬೇಕು. ಎದೆನೋವೆಲ್ಲ ದುಡ್ಡಿನ ಚಿಂತೆಯೆಂದು ತಿಳಿದು ಮನೆಯಲ್ಲಿ ಕೂಡುವದು ಪ್ರಾಣಘಾತಕ. ಆದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದಾಗ ‘ನಿನಗೆ ಏನೂ ಆಗಿಲ್ಲ’ವೆಂದು ಕಳಿಸುವ ವೈದ್ಯನು ಅರ್ಧ ವೈದ್ಯನೇ ಸರಿ. ನೋವಿನ ಗುಳಿಗೆಯನ್ನು ದಿನವೂ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯೆಂಬದು ಅವನಿಗೆ ತಿಳಿಯದ್ದಲ್ಲ. ‘ಮನೆಯ ಪರಿಸ್ಥಿತಿ ಹೇಗಿದೆ? ಸಾಲವಿದೆಯೇ? ನಿದ್ದೆ ಬರುತ್ತದೆಯೇ?’ ಎಂಬ ಮೂರು ಪ್ರಶ್ನೆಗಳಿಗೆ ವೆಚ್ಚವಿಲ್ಲ. ಬದುಕೇ ಬೇಡವೆನಿಸಿದವರ ಮಾತು ಕೇಳಲು ೨೦೨೨ರಿಂದ ‘ಟೆಲಿ ಮಾನಸ್’ ಎಂಬ ಸರಕಾರಿ ದೂರವಾಣಿ ವ್ಯವಸ್ಥೆಯಿದೆ. ೧೪೪೧೬ ಎಂಬ ಅದರ ಸಂಖ್ಯೆಯನ್ನು ಸೊಸಾಯಿಟಿಯ ಪಾಸ್‌ಬುಕ್ಕಿನ ಹೊದಿಕೆಯ ಮೇಲೆ ಅಚ್ಚುಹಾಕಿಸಿದರೆ ಅದು ತಲುಪಬೇಕಾದವರಿಗೇ ತಲುಪೀತು.

ಮೂರನೆಯದು ಎಲ್ಲಕ್ಕಿಂತ ಕಠಿನ. ಏಕೆಂದರೆ ಅದಕ್ಕೆ ಸರಕಾರದ ಆಜ್ಞೆ ಸಾಲದು. ಮನೆಯ ಸಾಲವನ್ನು ಮನೆಯವರಿಂದಲೇ ಮುಚ್ಚಿಡುವ ಪದ್ಧತಿಗೆ ಇಲ್ಲಿ ಮರ್ಯಾದೆಯೆಂದು ಹೆಸರು. ಗಂಡನ ಸಾಲವು ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯ ಸಂಘದ ಬಾಕಿಯು ಗಂಡನಿಗೆ ಗೊತ್ತಿಲ್ಲ, ಇಬ್ಬರದೂ ಮಕ್ಕಳಿಗೆ ಗೊತ್ತಿಲ್ಲ. ಒಂದೇ ಸೂರಿನ ಕೆಳಗೆ ಎಲ್ಲರಿಗೂ ನಿದ್ದೆಯಿಲ್ಲ. ಬಾಯಿ ಮುಚ್ಚಿಟ್ಟದ್ದನ್ನು ಮೈ ಹೇಳಿಯೇ ಹೇಳುತ್ತದೆ. ದೀಪಾವಳಿಯಲ್ಲಿ ವ್ಯಾಪಾರಿಗಳು ಕೀರ್ದಿ-ಖತಾವಣಿಗಳಿಗೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಲೆಕ್ಕವು ಲಕ್ಷ್ಮಿಯ ರೂಪವೆಂಬ ಭಾವನೆ ಅದರಲ್ಲಿದೆ. ಒಕ್ಕಲು ಮನೆಗಳಲ್ಲಿಯೂ ಅಂದು ಕೂಡಿ ಕುಳಿತು, ಬರಬೇಕಾದದ್ದೆಷ್ಟು, ಕೊಡಬೇಕಾದದ್ದೆಷ್ಟು ಎಂಬದನ್ನು ಒಂದು ಹಾಳೆಯ ಮೇಲೆ ಬರೆಯುವ ರೂಢಿಯು ಏಕೆ ಬರಬಾರದು? ಬರೆದೊಡನೆ ಸಾಲವು ತೀರುವದಿಲ್ಲ, ನಿಜ. ಆದರೆ ಒಬ್ಬನ ಕುತ್ತಿಗೆಯ ಮೇಲಿದ್ದ ಭಾರಕ್ಕೆ ನಾಲ್ಕು ಹೆಗಲು ಸಿಕ್ಕುತ್ತವೆ; ಯಾವ ಸಾಲವನ್ನು ಮೊದಲು ತೀರಿಸಬೇಕು, ಯಾವುದಕ್ಕೆ ಗಡುವು ಕೇಳಬೇಕು ಎಂಬ ವಿಚಾರಕ್ಕೆ ಅವಕಾಶವಾಗುತ್ತದೆ.

ದುಡಿಮೆಗೆ ಕಾಯಕವೆಂದು ಹೆಸರಿಟ್ಟ ನಾಡಿದು. ಕಾಯವನ್ನು ಬಿಟ್ಟು ಕಾಯಕವಿಲ್ಲವೆಂಬದು ಆ ಶಬ್ದದಲ್ಲಿಯೇ ಇದೆ. ದುಡಿಯುವಾಗ ಕಾಯವನ್ನು ಒಪ್ಪಿಕೊಂಡು, ದುಡಿಮೆಯ ಹಣವು ತಪ್ಪಿದಾಗ ಅದೇ ಕಾಯವು ಇಡುವ ಮೊರೆಯನ್ನು ‘ಗ್ಯಾಸು’, ‘ದೃಷ್ಟಿ’, ‘ಮನಸ್ಸಿನ ದೌರ್ಬಲ್ಯ’ ಎಂದು ತಳ್ಳಿಹಾಕುವದು ನ್ಯಾಯವಲ್ಲ. ಗೋಕಾಕದ ರೈತನ ಕುತ್ತಿಗೆ, ಮೂಡಲಗಿಯ ಹೆಣ್ಣುಮಗಳ ತಲೆಸಿಡಿತ, ಹುಕ್ಕೇರಿಯವನ ನಿದ್ದೆಗೇಡು,— ಇವು ಮೂರು ಬೇನೆಗಳಲ್ಲ. ಒಂದೇ ಬಾಕಿಯ ಮೂರು ರಸೀತಿಗಳು. ರಸೀತಿಗೆ ಸೂಜಿ ಚುಚ್ಚಿದರೆ ಬಾಕಿಯು ತೀರುವದಿಲ್ಲ. ಬಾಕಿಯನ್ನು ಕೊಡಬೇಕಾದವರು ಕೊಡಲಿ. ಕೇಳಬೇಕಾದವರು ನಾಚದೆ ಕೇಳಲಿ. ಉಳಿದವರು ಉಪದೇಶವನ್ನು ನಿಲ್ಲಿಸಿ ಲೆಕ್ಕಕ್ಕೆ ಸಾಕ್ಷಿಯಾಗಿ ನಿಲ್ಲಲಿ.